ಉಪಶಮನ ಆರೈಕೆಯ ಗುಣಮಟ್ಟ: ನೆಲ್ಯಾಡಿ ಸೀಮೆ

ಕಾಯಿಲೆಗೆ ಮದ್ದು ಮುಗಿದ ಮೇಲೂ ನೋವಿಗೆ, ಉಬ್ಬಸಕ್ಕೆ, ಹುಣ್ಣಿಗೆ, ನಿದ್ದೆಗೇಡಿಗೆ ಮದ್ದು ಉಳಿದಿರುತ್ತದೆ. ಆ ಮದ್ದನ್ನೂ ಅದರೊಂದಿಗೆ ಬೇಕಾಗುವ ಶುಶ್ರೂಷೆಯನ್ನೂ ರೋಗಿಗೆ ಮತ್ತು ಮನೆಯವರಿಗೆ ಸಿಗಬೇಕಾದ ಧೈರ್ಯವನ್ನೂ ಸೇರಿಸಿ ಉಪಶಮನ ಆರೈಕೆ ಎನ್ನುತ್ತಾರೆ. ದಕ್ಷಿಣ ಕನ್ನಡದಲ್ಲಿ ಇದನ್ನು ಕರೆಯುವುದು ‘ಪಾಲಿಯೇಟಿವ್’ ಎಂದೇ. ಕೊನೆಯ ದಿನಗಳನ್ನು ಕಳೆಯಲೆಂದು ಕಟ್ಟಿದ ಆರೈಕೆಮನೆಗೆ ಹಾಸ್ಪಿಸ್ ಎಂಬ ಹೆಸರು. ಎರಡೂ ಒಂದೇ ಅಲ್ಲ. ಹಾಸ್ಪಿಸ್ ಸಾಮಾನ್ಯವಾಗಿ ಒಂದು ಕಟ್ಟಡ, ಉಪಶಮನ ಆರೈಕೆ ಒಂದು ಕೆಲಸ. ಅದು ಕಟ್ಟಡದಲ್ಲೂ ನಡೆದೀತು, ರೋಗಿಯ ಮನೆಯ ಚಾವಡಿಯಲ್ಲೂ ನಡೆದೀತು. ನೆಲ್ಯಾಡಿಯಂಥ ಊರಲ್ಲಿ ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಹಾಸಿಗೆ ಎಷ್ಟಿದೆ, ನೆಲಕ್ಕೆ ಟೈಲ್ಸ್ ಹಾಕಿದ್ದಾರೆಯೇ ಎಂದು ನೋಡಿ ಸಂಸ್ಥೆಯನ್ನು ಅಳೆಯುವ ತಪ್ಪು ಆಗುತ್ತದೆ.

ನೆಲ್ಯಾಡಿ ಇರುವುದು ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಉಪ್ಪಿನಂಗಡಿಗೂ ಶಿರಾಡಿ ಘಾಟಿಗೂ ನಡುವೆ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿತ್ತು, ಈಗ ಕಡಬ ತಾಲ್ಲೂಕಿಗೆ ಸೇರಿದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಸುಮಾರು 70 ಕಿ.ಮೀ. ದೂರ. ಊರೆಂದರೆ ಹೆದ್ದಾರಿಯ ಬದಿಯ ಪೇಟೆ ಮಾತ್ರವಲ್ಲ. ಅಡಿಕೆ, ರಬ್ಬರ್ ತೋಟಗಳ ನಡುವೆ, ಒಂದೊಂದು ಗುಡ್ಡೆಗೆ ಒಂದೊಂದರಂತೆ ಚದುರಿದ ಮನೆಗಳು ಅಲ್ಲಿನ ಊರು. ಬಸ್ಸಿಳಿದು ಜೀಪು ಹಿಡಿಯಬೇಕು, ಜೀಪು ನಿಂತಲ್ಲಿಂದ ಕಾಲ್ದಾರಿ. ತುಳುವರು, ಕನ್ನಡ ಮಾತಾಡುವ ಗೌಡರು, ಬ್ಯಾರಿಗಳು, ಇಪ್ಪತ್ತನೆಯ ಶತಮಾನದ ನಡುಭಾಗದಿಂದೀಚೆಗೆ ತಿರುವಾಂಕೂರು ಕಡೆಯಿಂದ ಬಂದು ರಬ್ಬರ್ ಹಾಕಿದ ಮಲಯಾಳಿ ಕ್ರೈಸ್ತರು ಒಂದೇ ಬೈಲಿನಲ್ಲಿ ಇದ್ದಾರೆ. ಇಲ್ಲಿ ನೆಲೆಯೂರಿ ಕೆಲಸ ಮಾಡುವ ಯಾವುದೇ ಉಪಶಮನ ತಂಡದ ಯೋಗ್ಯತೆಯನ್ನು ಈ ಭೂಗೋಳ ಮತ್ತು ಈ ಭಾಷೆಗಳ ಎದುರಿಟ್ಟೇ ನೋಡಬೇಕು.

ಹಿನ್ನೆಲೆ

ಆಧುನಿಕ ಹಾಸ್ಪಿಸ್ ಚಳವಳಿಯ ಮೊದಲ ಮನೆ, ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್. ಭಾರತದಲ್ಲಿ ಮೊದಲನೆಯದು 1986ರ ಮುಂಬಯಿಯ ಶಾಂತಿ ಅವೇದನಾ. ಕರ್ನಾಟಕದಲ್ಲಿ ಹೆಸರಾದದ್ದು ಬೆಂಗಳೂರಿನ ಕರುಣಾಶ್ರಯ. 1994ರಲ್ಲಿ ಟ್ರಸ್ಟ್ ಆಗಿ, 1999ರಲ್ಲಿ ಕಟ್ಟಡವಾಗಿ ಬಂದ ಈ ಹಾಸ್ಪಿಸ್‌ನಲ್ಲಿ ಕ್ಯಾನ್ಸರ್ ರೋಗಿಗಳಿಂದ ಶುಲ್ಕ ಪಡೆಯುವುದಿಲ್ಲ. ಕರಾವಳಿಯಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಉಪಶಮನ ವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಆದರೆ ನೆಲ್ಯಾಡಿಗೆ ಹೆಚ್ಚು ಪಾಠವಿರುವುದು ಬೆಂಗಳೂರಿನಲ್ಲಲ್ಲ, ಪಕ್ಕದ ಕೇರಳದಲ್ಲಿ. 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕಲ್ಲಿಕೋಟೆಯಲ್ಲಿ ಆರಂಭಿಸಿದ ಸೊಸೈಟಿ, ಆರೈಕೆಯನ್ನು ಆಸ್ಪತ್ರೆಯಿಂದ ಬಿಡಿಸಿ ಊರವರ ಕೈಗೆ ಕೊಟ್ಟಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ನೀತಿಯನ್ನೇ ತಂದಿತು. ಅದಾದ ಮೇಲೆ ಪಂಚಾಯತಿಯ ಪಾಲಿಯೇಟಿವ್ ನರ್ಸ್, ಹಾಸಿಗೆ ಹಿಡಿದವರ ಮನೆಮನೆಗೆ ಹೋಗುವುದು ಅಲ್ಲಿ ದಿನನಿತ್ಯದ ಸಂಗತಿಯಾಯಿತು. ಕಾಸರಗೋಡಿನ ಎಣ್ಮಕಜೆ, ಬದಿಯಡ್ಕದ ಕನ್ನಡಿಗರಿಗೆ ಪರಿಚಿತವಾದ ಈ ನರ್ಸ್, ಗಡಿ ದಾಟಿ ಈಚೆ ಬಂದರೆ ಅಪರೂಪ. ಒಂದೇ ಭಾಷೆ, ಒಂದೇ ಅಡಿಕೆ, ನಡುವೆ ಒಂದು ಚೆಕ್‌ಪೋಸ್ಟ್.

ದೇಶದ ಮಟ್ಟದಲ್ಲಿ 2012ರಲ್ಲಿ ಉಪಶಮನ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಅದನ್ನು ಪ್ರಾಥಮಿಕ ಆರೋಗ್ಯದ ಭಾಗವೆಂದಿತು. ಈಗಿನ ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳ ಪಟ್ಟಿಯಲ್ಲೂ ಅದಿದೆ. ಪಟ್ಟಿಯಲ್ಲಿರುವುದಕ್ಕೂ ಮನೆಗೆ ತಲುಪುವುದಕ್ಕೂ ನಡುವಿನ ದೂರ ದೊಡ್ಡದು. ‘ಸಾವಿನ ಗುಣಮಟ್ಟ’ ಎಂಬ 2015ರ ಜಾಗತಿಕ ಸೂಚ್ಯಂಕದಲ್ಲಿ 80 ದೇಶಗಳ ನಡುವೆ ಭಾರತದ ಸ್ಥಾನ 67 ಆಗಿತ್ತು. ಜಗತ್ತಿನಲ್ಲಿ ಉಪಶಮನ ಆರೈಕೆ ಬೇಕಾದವರಲ್ಲಿ ಅದು ಸಿಗುವುದು ಶೇ. 14 ಜನಕ್ಕೆ ಮಾತ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮಾರ್ಫಿನ್

ಒಂದು ಸೇವೆಯನ್ನು ಒಂದೇ ಪ್ರಶ್ನೆಯಿಂದ ಅಳೆಯಬೇಕೆಂದರೆ ಆ ಪ್ರಶ್ನೆ ಇದು: ನಿಮ್ಮಲ್ಲಿ ಬಾಯಿಯಿಂದ ತೆಗೆದುಕೊಳ್ಳುವ ಮಾರ್ಫಿನ್ ಮಾತ್ರೆ ಇದೆಯೇ, ಇಡೀ ವರ್ಷ ಇರುತ್ತದೆಯೇ? ಉಳಿದೆಲ್ಲ ಇದ್ದು ಇದೊಂದು ಇಲ್ಲದ ಸಂಸ್ಥೆ ಸಜ್ಜನರ ಸಂಸ್ಥೆ ಇರಬಹುದು, ಉಪಶಮನ ಕೇಂದ್ರ ಅಲ್ಲ.

ಮಾರ್ಫಿನ್ ಸಿಗದಿರುವುದಕ್ಕೆ ಚರಿತ್ರೆಯಿದೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಬೇರೆ ಬೇರೆ ಇಲಾಖೆಗಳ ಪರವಾನಗಿ ಬೇಕಾಯಿತು. ಎಲ್ಲವೂ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಆಸ್ಪತ್ರೆಗಳು ತಂಟೆಯೇ ಬೇಡವೆಂದು ಕೈಬಿಟ್ಟವು. 1997ರಲ್ಲಿ ಇಡೀ ದೇಶ ಬಳಸಿದ ಮಾರ್ಫಿನ್ ಸುಮಾರು 18 ಕಿಲೋ. ಅದೇ ಕಾಲದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಗಸಗಸೆ ಬೆಳೆದು, ಮಾರ್ಫಿನ್ನಿನ ಮೂಲವಾದ ಅಫೀಮನ್ನು ಹೊರದೇಶಗಳಿಗೆ ಕಳಿಸುತ್ತಿದ್ದೆವು. 2014ರ ತಿದ್ದುಪಡಿ ಈ ಗಂಟನ್ನು ಬಿಡಿಸಿತು. ಅದರಂತೆ ಕೇಂದ್ರ ಸರ್ಕಾರ ಮಾರ್ಫಿನ್, ಫೆಂಟಾನಿಲ್, ಮೆಥಡೋನ್ ಸೇರಿ ಆರು ಔಷಧಗಳನ್ನು ‘ಅಗತ್ಯ ಮಾದಕ ಔಷಧ’ ಎಂದು ಹೆಸರಿಸಿ, ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಟ್ಟ ಸಂಸ್ಥೆ ಅವನ್ನು ಇಟ್ಟುಕೊಳ್ಳಬಹುದು ಎಂದಿತು. ಮಾನ್ಯತೆಗೆ ನೋವು ನಿವಾರಣೆಯಲ್ಲಿ ತರಬೇತಾದ ವೈದ್ಯರಿರಬೇಕು. ಆದ್ದರಿಂದ ‘ಕಾನೂನು ಬಿಡುವುದಿಲ್ಲ’ ಎಂಬ ಉತ್ತರ ಈಗ ನಡೆಯುವುದಿಲ್ಲ.

ಮಾತ್ರೆ ಇದ್ದರೆ ಸಾಲದು, ಕೊಡುವ ರೀತಿ ಗೊತ್ತಿರಬೇಕು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಗುಣ ಸುಮಾರು ನಾಲ್ಕು ಗಂಟೆ. ಆದ್ದರಿಂದ ನೋವು ಬಂದಾಗ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ರಾತ್ರಿ ಎದ್ದು ಕೊಡುವುದನ್ನು ತಪ್ಪಿಸಲು ಮಲಗುವಾಗ ಎರಡು ಪಾಲು ಕೊಡುವ ಕ್ರಮವಿದೆ. ನಡುವೆ ನೋವು ಎದ್ದರೆ ಹೆಚ್ಚುವರಿ ಒಂದು ಪಾಲು ಯಾವಾಗ, ಎಷ್ಟು ಎಂಬುದನ್ನು ಮೊದಲೇ ಬರೆದುಕೊಟ್ಟಿರಬೇಕು. ಮಾರ್ಫಿನ್ ತೆಗೆದುಕೊಳ್ಳುವವರಿಗೆ ಮಲಬದ್ಧತೆ ಬಹುಮಟ್ಟಿಗೆ ಖಚಿತ. ಮೊದಲ ದಿನದಿಂದಲೇ ಹೊಟ್ಟೆ ಸಡಿಲಿಸುವ ಮಾತ್ರೆ ಬರೆಯದ ಚೀಟಿಯನ್ನು ಕಂಡರೆ ಆ ವೈದ್ಯರಿಗೆ ಈ ವಿದ್ಯೆ ಹೊಸದು ಎಂದು ತಿಳಿಯಬಹುದು. ಇದೊಂದು ಸಣ್ಣ ಪರೀಕ್ಷೆ, ಆದರೆ ತಪ್ಪುವುದಿಲ್ಲ.

‘ಅದು ಕೊಟ್ಟರೆ ಆಯಿತು, ಇನ್ನು ಉಳಿಯುವುದಿಲ್ಲ ಎಂದು ಅರ್ಥ’, ‘ಚಟ ಹಿಡಿಯುತ್ತದೆ’ ಎಂಬ ಮಾತು ಮನೆಗಳಲ್ಲಿ ಬರುತ್ತದೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ಅರಿತ ವೈದ್ಯರ ಕೈಯಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ತಿಂಗಳುಗಟ್ಟಲೆ ಅದನ್ನು ತೆಗೆದುಕೊಂಡು ತೋಟಕ್ಕೆ ಹೋಗಿ ಬರುವವರಿದ್ದಾರೆ. ಈ ಭಯವನ್ನು ಕೂತು ಕೇಳಿ, ಕೂತು ಬಿಡಿಸುವ ಪುರುಸೊತ್ತು ತಂಡಕ್ಕಿದೆಯೇ ಎಂಬುದೂ ಗುಣಮಟ್ಟದ ಭಾಗವೇ.

ಮನೆಭೇಟಿ

ಮನೆಭೇಟಿಯನ್ನು ಹತ್ತಿರದಿಂದ ನೋಡಿದವರಿಗೆ ಬೇರೆ ವರದಿ ಬೇಕಾಗುವುದಿಲ್ಲ. ಒಳ್ಳೆಯ ತಂಡದ ಸಿಸ್ಟರ್ ಬಂದ ಕೂಡಲೇ ಬಿ.ಪಿ. ಪಟ್ಟಿ ಕಟ್ಟುವುದಿಲ್ಲ. ಮಂಚದ ಪಕ್ಕ, ರೋಗಿಯ ಕಣ್ಣಿನ ಮಟ್ಟಕ್ಕೆ ಕೂರುತ್ತಾರೆ. ‘ಅಜ್ಜ, ನಿನ್ನೆ ರಾತ್ರಿ ನಿದ್ದೆ ಬಂತಾ?’ ಎಂದು ಕೇಳುತ್ತಾರೆ, ಮನೆಯವರನ್ನಲ್ಲ, ಅಜ್ಜನನ್ನೇ. ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಂಕ ಹಳಬರಿಗೆ ಹತ್ತುವುದಿಲ್ಲ. ‘ಮೊದಲು ಒಂದು ರೂಪಾಯಿ ನೋವಿತ್ತು ಅಂತ ಇಟ್ಟುಕೊಳ್ಳಿ, ಈಗ ಎಷ್ಟಾಣೆ ಇದೆ?’ ಎಂದರೆ ಉತ್ತರ ತಕ್ಷಣ ಬರುತ್ತದೆ: ‘ನಾಲ್ಕಾಣೆ’. ಅದನ್ನು ತಾರೀಕು ಹಾಕಿ ಪುಸ್ತಕದಲ್ಲಿ ಬರೆಯುತ್ತಾರೆ. ಮನುಷ್ಯಾಕೃತಿಯ ಚಿತ್ರದಲ್ಲಿ ನೋವಿನ ಜಾಗಕ್ಕೆ ಗುರುತು ಹಾಕುತ್ತಾರೆ. ಆ ಪುಸ್ತಕದ ಒಂದು ಪ್ರತಿ ರೋಗಿಯ ಮನೆಯಲ್ಲೇ ಉಳಿಯುತ್ತದೆ. ರಾತ್ರಿ ಬೇರೆ ವೈದ್ಯರು ಬಂದರೂ ಕಥೆಯನ್ನು ಮೊದಲಿಂದ ಹೇಳಬೇಕಾಗುವುದಿಲ್ಲ.

ಮುಂದಿನದು ಹಾಸಿಗೆ. ಬೆನ್ನು, ಸೊಂಟದ ಕೆಳಗೆ, ಹಿಮ್ಮಡಿ ಕೆಂಪಾಗಿದೆಯೇ ಎಂದು ಹೊರಳಿಸಿ ನೋಡಬೇಕು. ನೋಡದೆ ಹೋದ ಭೇಟಿಯನ್ನು ಭೇಟಿಯೆಂದು ಲೆಕ್ಕಕ್ಕೆ ಹಿಡಿಯಬಾರದು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದನ್ನು ಸೊಸೆಗೆ ಹೇಳಿದರೆ ಸಾಲದು, ಹಳೆಯ ಪಂಚೆಯನ್ನು ಅಡ್ಡ ಹಾಸಿ ಒಬ್ಬರೇ ಹೊರಳಿಸುವ ಉಪಾಯವನ್ನು ಕೈ ಹಿಡಿದು ತೋರಿಸಬೇಕು. ನಮ್ಮ ಕಡೆ ಎಲೆಅಡಿಕೆ, ಹೊಗೆಸೊಪ್ಪಿನಿಂದ ಬಾಯಿಯ ಕ್ಯಾನ್ಸರ್ ಆದವರನ್ನು ಕಾಣುತ್ತೇವೆ. ಕೆನ್ನೆಯ ಹುಣ್ಣು ಒಡೆದು ವಾಸನೆ ಬಂದಾಗ ರೋಗಿ ಮೊದಲು ಕಳೆದುಕೊಳ್ಳುವುದು ಮೊಮ್ಮಕ್ಕಳನ್ನು; ಅವರು ಕೋಣೆಗೆ ಬರುವುದು ನಿಲ್ಲುತ್ತದೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಹುಣ್ಣಿಗೆ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಕೆಲವೇ ರೂಪಾಯಿಯ ಕೆಲಸ. ಹುಳ ಬಿದ್ದಿದ್ದರೆ ಟರ್ಪೆಂಟೈನ್ ಬಳಸಿ ತೆಗೆಯುತ್ತಾರೆ. ಇವನ್ನು ಮುಖ ಸಿಂಡರಿಸದೆ ಮಾಡುವ ಸಿಸ್ಟರ್ ಇದ್ದಾರೋ ಇಲ್ಲವೋ ಎಂಬುದನ್ನು ಯಾವ ಪ್ರಮಾಣಪತ್ರವೂ ಹೇಳದು, ಪಕ್ಕದ ಮನೆಯವರು ಹೇಳುತ್ತಾರೆ.

ಭಾಷೆಯ ಮಾತು ಸೌಜನ್ಯದ್ದಷ್ಟೇ ಅಲ್ಲ, ಚಿಕಿತ್ಸೆಯದು. ‘ಬೇನೆ’ ಎಂಬ ತುಳು, ‘ವೇದನ’ ಎಂಬ ಮಲಯಾಳ, ‘ನೋವು’ ಎಂಬ ಕನ್ನಡ ಮೂರನ್ನೂ ಅನುವಾದಿಸುವುದು ಸುಲಭ. ಆದರೆ ಆ ನೋವು ಉರಿಯೋ, ಚುಚ್ಚುವುದೋ, ಕರೆಂಟು ಹೊಡೆದ ಹಾಗೋ, ಹಿಂಡುವುದೋ ಎಂಬುದರ ಮೇಲೆ ಮದ್ದು ನಿರ್ಧಾರವಾಗುತ್ತದೆ. ಉರಿ, ಕರೆಂಟು ಎಂದರೆ ನರದ ನೋವು. ಅದಕ್ಕೆ ಮಾರ್ಫಿನ್ ಒಂದೇ ಸಾಲದೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂಥವು ಬೇಕಾಗುತ್ತವೆ. ಮಲಯಾಳಿ ಮನೆಯ ಅಮ್ಮಚ್ಚಿ ತನ್ನ ನೋವನ್ನು ಮೊಮ್ಮಗನ ಅರ್ಧ ಕನ್ನಡದ ಮೂಲಕ ಹೇಳುವಾಗ ಈ ಬಣ್ಣ ಕಳೆದುಹೋಗುತ್ತದೆ. ತುಳು, ಮಲಯಾಳ ಎರಡೂ ಬರುವ ಒಬ್ಬ ನರ್ಸ್ ಈ ಸೀಮೆಯಲ್ಲಿ ಎರಡು ಯಂತ್ರಗಳಿಗಿಂತ ಹೆಚ್ಚು ಬೆಲೆಬಾಳುತ್ತಾರೆ.

ರಾತ್ರಿ ಮತ್ತು ಮಳೆ

ನೋವು ಏರುವುದು, ಉಸಿರು ಕಟ್ಟುವುದು, ಮನೆಯವರ ಧೈರ್ಯ ಕುಸಿಯುವುದು ಹೆಚ್ಚಾಗಿ ರಾತ್ರಿ. ರಾತ್ರಿ ಹನ್ನೊಂದಕ್ಕೆ ಫೋನು ಯಾರ ಕೈಯಲ್ಲಿರುತ್ತದೆ? ಎತ್ತುವವರು ನರ್ಸೋ, ಕಾವಲುಗಾರನೋ? ಎತ್ತಿದವರಿಗೆ ರೋಗಿಯ ಪುಸ್ತಕ ಸಿಗುತ್ತದೆಯೇ? ಹಗಲು ಒಂಬತ್ತರಿಂದ ಐದರ ಸೇವೆಯೂ ಸೇವೆಯೇ, ಆದರೆ ಹಾಗೆಂದು ಮೊದಲೇ ಹೇಳಿಬಿಡಬೇಕು. ಹೇಳದೆ ಇದ್ದರೆ ರಾತ್ರಿ ಆಂಬುಲೆನ್ಸ್ ಕರೆದು ಮಂಗಳೂರಿನ ಐಸಿಯುಗೆ ಓಡಿ, ಮನೆಯಲ್ಲೇ ಕಣ್ಣುಮುಚ್ಚಬೇಕೆಂದಿದ್ದ ಜೀವ ವೆಂಟಿಲೇಟರಿನ ಮೇಲೆ ಕೊನೆಗಾಣುತ್ತದೆ. ಇದು ಕಲ್ಪನೆಯಲ್ಲ, ಹೆದ್ದಾರಿ ಬದಿಯ ಪ್ರತಿ ಊರಲ್ಲೂ ಕೇಳಸಿಗುವ ಕಥೆ.

ಮಳೆಗಾಲದ ತಯಾರಿ ಇನ್ನೊಂದು. ಆಟಿ ತಿಂಗಳ ಮಳೆಗೆ ತೋಟದ ದಾರಿಗಳು ಮುಳುಗುತ್ತವೆ, ಕರೆಂಟು ದಿನಗಟ್ಟಲೆ ಇರುವುದಿಲ್ಲ, ಮೊಬೈಲು ಸಿಗ್ನಲ್ ಗುಡ್ಡೆ ಹತ್ತಿದರೆ ಮಾತ್ರ. ಶಿರಾಡಿ ಘಾಟಿ 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಬಂದ್ ಆಗಿತ್ತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರಿಗೆ ಆಗ ದಾರಿ ಮುಚ್ಚಿದಂತೆಯೇ. ಜೂನ್ ಬರುವ ಮೊದಲು ಯಾವ ಮನೆಗೆ ಎಷ್ಟು ದಿನದ ಮದ್ದು ಇಡಬೇಕು, ಆಮ್ಲಜನಕದ ಯಂತ್ರವಿರುವ ಮನೆಯಲ್ಲಿ ಕರೆಂಟು ಹೋದರೆ ಏನು ಎಂದು ಲೆಕ್ಕ ಹಾಕುವ ತಂಡ ಊರನ್ನು ಅರಿತ ತಂಡ. ಅಂದಹಾಗೆ, ಉಸಿರಾಟದ ಕಷ್ಟಕ್ಕೆ ಆಮ್ಲಜನಕವೇ ಬೇಕೆಂದಿಲ್ಲ. ಕಿಟಕಿ ತೆರೆದು ಮುಖಕ್ಕೆ ಬೀಸಣಿಗೆ, ಬೆನ್ನಿಗೆ ದಿಂಬು, ಸಣ್ಣ ಪ್ರಮಾಣದ ಮಾರ್ಫಿನ್ ಎಷ್ಟೋ ಬಾರಿ ಸಾಕಾಗುತ್ತದೆ.

ಅಳತೆಗೋಲುಗಳು

ಗುಣಮಟ್ಟವನ್ನು ಅಳೆಯುವ ಶಾಸ್ತ್ರ ಬೆಳೆದಿದೆ. ನೋವು, ದಣಿವು, ವಾಕರಿಕೆ, ಉಸಿರು, ಹಸಿವು, ಮನಸ್ಸಿನ ಭಾರ ಇತ್ಯಾದಿಗೆ ರೋಗಿಯೇ ಅಂಕ ಕೊಡುವ ಎಡ್ಮಂಟನ್ ಪಟ್ಟಿ 1991ರದ್ದು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೂಪಿಸಿದ ಇನ್ನೊಂದು ಪಟ್ಟಿ, ಮನೆಯವರ ಚಿಂತೆ, ಮನಸ್ಸಿನ ಸಮಾಧಾನಗಳನ್ನೂ ಕೇಳುತ್ತದೆ. ಆಸ್ಟ್ರೇಲಿಯಾದಲ್ಲಿ 2005ರಿಂದ ಉಪಶಮನ ಸೇವೆಗಳು ತಮ್ಮ ಫಲಿತಾಂಶಗಳನ್ನು ಒಂದೆಡೆ ಕೂಡಿಸಿ ಹೋಲಿಸಿಕೊಳ್ಳುತ್ತವೆ. ಅಮೆರಿಕದಲ್ಲಿ ರೋಗಿ ತೀರಿಕೊಂಡ ಕೆಲವು ತಿಂಗಳ ಬಳಿಕ ಮನೆಯವರಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನು ಸಂಸ್ಥೆಯ ಹೆಸರಿನೊಂದಿಗೆ ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ.

ನಮ್ಮ ದೇಶಕ್ಕೆ ಒಗ್ಗುವುದು ರಾಜಗೋಪಾಲ್ ಮತ್ತು ಸಂಗಡಿಗರು ಸಿದ್ಧಪಡಿಸಿ 2014ರಲ್ಲಿ ಪ್ರಕಟಿಸಿದ ಕನಿಷ್ಠ ಮಾನದಂಡಗಳ ಪಟ್ಟಿ. ಅದು ‘ಅತ್ಯಗತ್ಯ’ ಮತ್ತು ‘ಅಪೇಕ್ಷಣೀಯ’ ಎಂದು ಎರಡು ಭಾಗ ಮಾಡುತ್ತದೆ. ನೋವಿನ ದಾಖಲೆ, ಮಾರ್ಫಿನ್ನಿನ ತಡೆಯಿಲ್ಲದ ಪೂರೈಕೆ, ತರಬೇತಾದ ವೈದ್ಯರು ಮತ್ತು ನರ್ಸ್, ತಂಡವಾಗಿ ಕೆಲಸ ಮಾಡುವ ಪದ್ಧತಿ, ಊರವರ ಒಡನಾಟ ಮುಂತಾದವು ಅದರಲ್ಲಿವೆ. ಸಂಸ್ಥೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಮಾಡಿದ್ದು ಇದು. ಊರಿನ ಗ್ರಾಮಸಭೆಯೂ ಅದನ್ನು ಹಿಡಿದು ನಾಲ್ಕು ಪ್ರಶ್ನೆ ಕೇಳಬಹುದು.

ಅಂಕಗಳಿಗೆ ಮಿತಿಯಿದೆ. ತೀರಿಕೊಂಡವರು ದೂರು ಬರೆಯುವುದಿಲ್ಲ. ಉಳಿದವರು ಉಚಿತ ಸೇವೆ ಪಡೆದ ಋಣದಲ್ಲಿ ‘ಎಲ್ಲ ಒಳ್ಳೆಯದಾಗಿತ್ತು’ ಎನ್ನುತ್ತಾರೆ. ಆದ್ದರಿಂದ ‘ಸೇವೆ ಹೇಗಿತ್ತು?’ ಎಂದು ಕೇಳುವುದಕ್ಕಿಂತ ‘ಕೊನೆಯ ವಾರ ಎಷ್ಟು ರಾತ್ರಿ ನಿದ್ದೆಯಿಲ್ಲದೆ ಹೋಯಿತು? ಫೋನು ಮಾಡಿದಾಗ ಎಷ್ಟು ಹೊತ್ತಿಗೆ ಬಂದರು?’ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಕಾಗದಪತ್ರದ ವಿಷಯ ಬೇಗ ಮುಗಿಸಬಹುದು. ಖಾಸಗಿ ಸಂಸ್ಥೆಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಟ್ರಸ್ಟ್ ಆದರೆ ಆಡಿಟ್ ಆದ ಲೆಕ್ಕ, ಉಚಿತವೋ ಶುಲ್ಕವೋ ಎಂಬ ಸ್ಪಷ್ಟ ಮಾತು ಇರಬೇಕು. ವೃದ್ಧಾಶ್ರಮಕ್ಕೆ ಪಾಲಿಯೇಟಿವ್ ಎಂಬ ಬೋರ್ಡು ಹಾಕಿದರೆ ಅದು ಉಪಶಮನ ಕೇಂದ್ರವಾಗುವುದಿಲ್ಲ. ಏಜೆನ್ಸಿಯಿಂದ ಬರುವ ಹೋಂ ನರ್ಸ್ ಕೂಡ ಬೇರೆಯೇ. ಅವರಲ್ಲಿ ಅನೇಕರು ನರ್ಸಿಂಗ್ ಓದಿದವರಲ್ಲ, ಮೀಯಿಸಿ ಊಟ ಮಾಡಿಸುವ ಆರೈಕೆದಾರರು. ಅವರ ಕೆಲಸ ಸಣ್ಣದೆಂದಲ್ಲ, ಆದರೆ ಮಾರ್ಫಿನ್ನಿನ ಪ್ರಮಾಣ ಏರಿಸುವುದನ್ನು ಅವರ ಮೇಲೆ ಬಿಡುವಂತಿಲ್ಲ.

ಎಂಡೋಸಲ್ಫಾನ್ ಮತ್ತು ದೀರ್ಘ ಆರೈಕೆ

ಈ ಸೀಮೆಯಲ್ಲಿ ಉಪಶಮನ ಎಂದರೆ ಕ್ಯಾನ್ಸರ್ ಮತ್ತು ಮುಪ್ಪು ಮಾತ್ರವಲ್ಲ. ನೆಲ್ಯಾಡಿಗೆ ಹತ್ತಿರದ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳ ಮೇಲೆ 1980ರಿಂದ ಸುಮಾರು ಎರಡು ದಶಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ಅದನ್ನು ತಡೆಯಿತು. ಅಷ್ಟರಲ್ಲಿ ಹುಟ್ಟಿದ್ದ, ಕೈಕಾಲು ಸ್ವಾಧೀನವಿಲ್ಲದ, ಮಾತು ಬಾರದ ಮಕ್ಕಳಲ್ಲಿ ಹಲವರು ಇಂದು ಮೂವತ್ತು ದಾಟಿದ ಹಾಸಿಗೆವಾಸಿಗಳು. ಸರ್ಕಾರ ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಕೊಡುತ್ತದೆ. ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳಿವೆ. ಇವರನ್ನು ನೋಡಿಕೊಳ್ಳುವ ತಾಯಂದಿರಿಗೆ ಅರುವತ್ತು, ಎಪ್ಪತ್ತು ವಯಸ್ಸು. ಇಲ್ಲಿ ಅಳೆಯಬೇಕಾದ್ದು ಕೊನೆಯ ವಾರವನ್ನಲ್ಲ, ಇಡೀ ಬದುಕನ್ನು. ತಾಯಿಗೆ ಜ್ವರ ಬಂದ ವಾರ ಮಗನನ್ನು ಇರಿಸಿಕೊಳ್ಳಲು ಒಂದು ಮಂಚ ಸಿಗುತ್ತದೆಯೇ? ಆರು ತಿಂಗಳ ಆಯುಷ್ಯವೆಂದು ವೈದ್ಯರು ಬರೆದರೆ ಮಾತ್ರ ಹಾಸ್ಪಿಸ್ ಸವಲತ್ತು ಕೊಡುವ ಅಮೆರಿಕದ ಲೆಕ್ಕ ಈ ತಾಯಂದಿರಿಗೆ ಹೊಂದುವುದಿಲ್ಲ.

ಕೊನೆಯ ನಿರ್ಧಾರಗಳು

ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ವೆಂಟಿಲೇಟರಿನಂಥವು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳ ಮಾಡಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಇದು ಮದ್ದು ಕೊಟ್ಟು ಸಾಯಿಸುವ ದಯಾಮರಣವಲ್ಲ, ಫಲವಿಲ್ಲದ ಯಂತ್ರವನ್ನು ಹಾಕದಿರುವುದು ಅಥವಾ ತೆಗೆಯುವುದು ಮಾತ್ರ. ಈ ಮಾತನ್ನು ರೋಗಿಯೊಡನೆ, ಸಮಯ ನೋಡಿ ಎತ್ತುವುದು ಉಪಶಮನ ತಂಡದ ಕೆಲಸ. ಎತ್ತುವ ಮೊದಲು ಇನ್ನೊಂದು ತೊಡಕಿದೆ: ‘ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ ಡಾಕ್ಟ್ರೇ’ ಎನ್ನುವ ಮಗ. ಒಳ್ಳೆಯ ವೈದ್ಯರು ಮಗನೊಡನೆ ಜಗಳಕ್ಕೆ ಹೋಗುವುದಿಲ್ಲ, ಅಪ್ಪನಿಗೆ ಸುಳ್ಳನ್ನೂ ಹೇಳುವುದಿಲ್ಲ. ‘ನಿಮಗೆ ಏನು ಗೊತ್ತಿದೆ?’ ಎಂದು ಅಪ್ಪನನ್ನೇ ಕೇಳುತ್ತಾರೆ. ಹೆಚ್ಚಿನ ಅಪ್ಪಂದಿರಿಗೆ ಗೊತ್ತಿರುತ್ತದೆ.

ಸಾವಿನೊಂದಿಗೆ ತಂಡದ ಕೆಲಸ ಮುಗಿಯುವುದಿಲ್ಲ. ಉತ್ತರಕ್ರಿಯೆಯಾದ ಬೊಜ್ಜ ಕಳೆದ ಮೇಲೋ, ನಲ್ವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೋ ಸಿಸ್ಟರ್ ಒಮ್ಮೆ ಆ ಮನೆಗೆ ಹೋಗಿ ಕೂರುವುದು ಕ್ರಮ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಮನೆಯವರ ಎದುರೇ ಎಣಿಸಿ ಪುಸ್ತಕದಲ್ಲಿ ಬರೆದು ಹಿಂದಕ್ಕೆ ಒಯ್ಯುತ್ತಾರೆ. ವಾಟರ್ ಬೆಡ್ ಇದ್ದರೆ ನೀರು ಖಾಲಿ ಮಾಡಿ, ತೊಳೆದು, ಅಂಗಳದ ತಂತಿಯಲ್ಲಿ ಒಣಗಿಸಿ ಮಡಚಿ ಜೀಪಿಗೆ ಹಾಕುತ್ತಾರೆ. ಅದಕ್ಕಾಗಿ ಇನ್ನೊಂದು ಮನೆ ಕಾಯುತ್ತಿರುತ್ತದೆ.